ಬಾಗುತ್ತಲೇ ಗುರಿ ಮುಟ್ಟುವ ಬಾಣ

2024ರ ಆಗಸ್ಟ್ 4. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪುರುಷರ ಬಿಲ್ಲುಗಾರಿಕೆಯ ಫೈನಲ್. ಐದು ಸೆಟ್ ಮುಗಿದಾಗ ದಕ್ಷಿಣ ಕೊರಿಯಾದ ಕಿಮ್ ವೂ-ಜಿನ್ ಮತ್ತು ಅಮೆರಿಕದ ಬ್ರೇಡಿ ಎಲಿಸನ್ 5–5ರಲ್ಲಿ ಸಮನಾಗಿ ನಿಂತಿದ್ದರು. ನಿಯಮದಂತೆ ಇಬ್ಬರಿಗೂ ಇನ್ನು ಒಂದೊಂದೇ ಬಾಣ. ಎರಡೂ ಹತ್ತರ ವೃತ್ತಕ್ಕೇ ನಾಟಿದವು. ಅಳೆದು ನೋಡಿದಾಗ ಕಿಮ್ ಅವರ ಬಾಣ ನಡುಬಿಂದುವಿಗೆ 4.9 ಮಿಲಿಮೀಟರ್ ಹೆಚ್ಚು ಹತ್ತಿರವಿತ್ತು. ಚಿನ್ನ ಅವರ ಪಾಲಾಯಿತು.

ಗುರಿಹಲಗೆ ಇದ್ದದ್ದು 70 ಮೀಟರ್ ಆಚೆ. ಅಷ್ಟು ದೂರ ಹಾರಿಬಂದ ಎರಡು ಬಾಣಗಳ ಹಣೆಬರಹ ಬರೆದ ಆ ಅಂತರ, ಹೆಚ್ಚೂಕಡಿಮೆ ಬಾಣದ ಕಡ್ಡಿಯ ದಪ್ಪದಷ್ಟೇ. ಇಂಥ ಆಟಕ್ಕೆ ಕೈ, ಕಣ್ಣು, ಮನಸ್ಸು ಪಳಗಿರಬೇಕೆಂದು ಯಾರೂ ಹೇಳಬೇಕಿಲ್ಲ. ಕೈಯಲ್ಲಿರುವ ಬಿಲ್ಲೂ ಪಳಗಿರಬೇಕು ಎಂಬ ಸಂಗತಿ ಮಾತ್ರ ಮೈದಾನದ ಹೊರಗಿನವರಿಗೆ ಅಷ್ಟಾಗಿ ತಿಳಿದಿಲ್ಲ. ಅಂಗಡಿಯಿಂದ ತಂದ ಬಿಲ್ಲು ಎಷ್ಟೇ ದುಬಾರಿಯದಾಗಿರಲಿ, ಆ ಹೊತ್ತಿಗೆ ಅದು ಬಿಡಿಭಾಗಗಳ ಒಂದು ಗಂಟು. ಅದನ್ನು ಒಬ್ಬರ ತೋಳಿನ ಉದ್ದಕ್ಕೆ, ಬಲಕ್ಕೆ, ಅವರು ಬಳಸುವ ಬಾಣದ ಸ್ವಭಾವಕ್ಕೆ ಹೊಂದಿಸುವ ಕೆಲಸಕ್ಕೆ ಬಿಲ್ಲುಗಾರರು ‘ಟ್ಯೂನಿಂಗ್’ ಎನ್ನುತ್ತಾರೆ. ಅದರಿಂದ ಬಿಲ್ಲಿನ ಬಲ ಹೆಚ್ಚುವುದಿಲ್ಲ. ಆಗುವ ಲಾಭ ಎರಡು: ಪ್ರತಿ ಬಾಣವೂ ಹಿಂದಿನದರಂತೆಯೇ ಹೊರಡುತ್ತದೆ, ಕೈ ತುಸು ತಪ್ಪಿದರೂ ಆ ತಪ್ಪು ಗುರಿಹಲಗೆಯ ಮೇಲೆ ಚಿಕ್ಕದಾಗಿಯೇ ಉಳಿಯುತ್ತದೆ.

ಒಂದು ಶೇಕಡಾ ತಪ್ಪಿನ ಬೆಲೆ

ಕೈ ತುಸು ತಪ್ಪುವುದು ಎಂದರೆ ಎಷ್ಟು ಎಂಬುದಕ್ಕೆ ಶಾಲೆಯ ಭೌತವಿಜ್ಞಾನದಲ್ಲೇ ಉತ್ತರವಿದೆ. ಒಲಿಂಪಿಕ್ಸ್‌ನ ಗುರಿಹಲಗೆಯ ವ್ಯಾಸ 122 ಸೆಂಟಿಮೀಟರ್. ಅದರ ಮೇಲೆ ಹತ್ತು ವೃತ್ತಗಳು. ಹೊರಗಿನಿಂದ ಒಳಕ್ಕೆ ಬಿಳಿ, ಕಪ್ಪು, ನೀಲಿ, ಕೆಂಪು, ಹಳದಿ ಬಣ್ಣಕ್ಕೆ ಎರಡೆರಡು. ನಡುವಿನ ಹತ್ತರ ವೃತ್ತದ ವ್ಯಾಸ 12.2 ಸೆಂಟಿಮೀಟರ್. ಪಳಗಿದ ಬಿಲ್ಲುಗಾರರ ಬಾಣ ಸೆಕೆಂಡಿಗೆ ಸುಮಾರು 60 ಮೀಟರ್ ವೇಗದಲ್ಲಿ ಹೊರಡುತ್ತದೆ ಎಂದಿಟ್ಟುಕೊಳ್ಳೋಣ. ಗಾಳಿಯ ತಡೆಯನ್ನು ಬದಿಗಿಟ್ಟರೆ 70 ಮೀಟರ್ ದಾಟಲು ಅದಕ್ಕೆ ಸುಮಾರು 1.2 ಸೆಕೆಂಡ್ ಬೇಕು. ಅಷ್ಟರಲ್ಲಿ ಗುರುತ್ವ ಅದನ್ನು ಸುಮಾರು 6.7 ಮೀಟರ್ ಕೆಳಗೆ ಎಳೆದಿರುತ್ತದೆ. ಆದ್ದರಿಂದಲೇ ಬಾಣವನ್ನು ಗುರಿಯತ್ತ ನೇರವಾಗಿ ಬಿಡದೆ ಸುಮಾರು ಐದೂವರೆ ಡಿಗ್ರಿ ಮೇಲಕ್ಕೆ ಬಿಡುತ್ತಾರೆ.

ಈಗ ಒಂದು ಬಾಣದ ವೇಗ ಶೇಕಡಾ 1ರಷ್ಟು ಕಡಿಮೆಯಾಯಿತು ಎನ್ನಿ. ಬಾಣ ಕುಸಿಯುವ ಎತ್ತರ ವೇಗದ ವರ್ಗಕ್ಕೆ ವಿಲೋಮವಾದ್ದರಿಂದ ಕುಸಿತ ಶೇಕಡಾ 2ರಷ್ಟು ಹೆಚ್ಚುತ್ತದೆ. 6.7 ಮೀಟರಿನಲ್ಲಿ ಶೇಕಡಾ 2 ಎಂದರೆ 13 ಸೆಂಟಿಮೀಟರ್. ನಟ್ಟನಡುವೆ ನಾಟಬೇಕಿದ್ದ ಬಾಣ ಎಂಟರ ವೃತ್ತಕ್ಕೆ ಇಳಿಯಿತು. ವೇಗದಲ್ಲಿ ಶೇಕಡಾ 1 ವ್ಯತ್ಯಾಸ ಬರಲು ದೊಡ್ಡ ತಪ್ಪೇನೂ ಆಗಬೇಕಿಲ್ಲ. ಪೂರ್ತಿ ಎಳೆದಾಗ ಬೆರಳುಗಳ ಮೇಲೆ ಬೀಳುವ ಬಲ 44 ಪೌಂಡ್, ಅಂದರೆ ಸುಮಾರು 20 ಕಿಲೋಗ್ರಾಂ ಇರುವ ಬಿಲ್ಲಿನಲ್ಲಿ ಹೆಚ್ಚುಕಡಿಮೆ 50 ಜೌಲ್ ಶಕ್ತಿ ಕೂಡಿರುತ್ತದೆ. ಹೆದೆಯನ್ನು ಕೇವಲ 5 ಮಿಲಿಮೀಟರ್ ಕಡಿಮೆ ಎಳೆದರೆ ಅದರಲ್ಲಿ ಸುಮಾರು 1 ಜೌಲ್ ತಪ್ಪುತ್ತದೆ. ಶಕ್ತಿಯಲ್ಲಿ ಶೇಕಡಾ 2, ವೇಗದಲ್ಲಿ ಶೇಕಡಾ 1, ಹಲಗೆಯ ಮೇಲೆ 13 ಸೆಂಟಿಮೀಟರ್.

ಒಲಿಂಪಿಕ್ಸ್‌ನಲ್ಲಿ ಬಳಸುವ, ತುದಿ ಮರಳಿ ಬಾಗಿದ ‘ರಿಕರ್ವ್’ ಬಿಲ್ಲಿನ ಮುಂಭಾಗದಲ್ಲಿ ‘ಕ್ಲಿಕರ್’ ಎಂಬ ತೆಳು ಲೋಹದ ಪಟ್ಟಿ ಇರುವುದು ಇದೇ ಕಾರಣಕ್ಕೆ. ಬಾಣವನ್ನು ಆ ಪಟ್ಟಿಯ ಅಡಿಗೆ ತೂರಿಸಿ ಹೆದೆ ಎಳೆಯುತ್ತಾರೆ. ಮೊನೆ ಪಟ್ಟಿಯನ್ನು ದಾಟಿ ಹಿಂದೆ ಸರಿದ ಕ್ಷಣ ಅದು ಟಿಕ್ ಎಂದು ಬಿಲ್ಲಿಗೆ ಬಡಿಯುತ್ತದೆ. ಸದ್ದು ಕೇಳಿತೆಂದರೆ ಎಳೆತ ಪ್ರತಿ ಸಲದಷ್ಟೇ ಆಗಿದೆ, ಇನ್ನು ಬಿಡಬಹುದು. ಕೆಲವೇ ಗ್ರಾಂ ತೂಗುವ ಈ ಪಟ್ಟಿ ಮೇಲೆ ಹೇಳಿದ 5 ಮಿಲಿಮೀಟರ್ ತಪ್ಪನ್ನು 1 ಮಿಲಿಮೀಟರಿನ ಆಸುಪಾಸಿಗೆ ತರುತ್ತದೆ.

ಅಳತೆಗೆ ತಕ್ಕ ಬಿಲ್ಲು

ಸ್ಪರ್ಧೆಯ ರಿಕರ್ವ್ ಬಿಲ್ಲಿಗೆ ಮೂರು ಮುಖ್ಯ ಭಾಗಗಳು. ನಡುವೆ ಅಲ್ಯೂಮಿನಿಯಂ ಅಥವಾ ಕಾರ್ಬನ್‌ನಿಂದ ಮಾಡಿದ ರೈಸರ್. ಕೈಹಿಡಿ ಇರುವುದು ಇದರಲ್ಲಿ. ಅದರ ಎರಡು ತುದಿಗೂ ಸಿಕ್ಕಿಸುವ ಲಿಂಬ್‌ಗಳು. ಅವುಗಳ ನಡುವೆ ಹೆದೆ. ಲಿಂಬ್‌ನ ತುದಿ ಗುರಿಯ ಕಡೆಗೆ ಮರಳಿ ಬಾಗಿರುತ್ತದೆ. ಹೆದೆ ಏರಿಸಿದಾಗ ಅದರ ಒಂದಷ್ಟು ಭಾಗ ಈ ಬಾಗಿನ ಮೇಲೆ ಒರಗಿರುತ್ತದೆ. ಎಳೆಯುತ್ತ ಹೋದಂತೆ ಅಲ್ಲಿಂದ ಬಿಟ್ಟುಕೊಂಡು ಮೇಲೇಳುತ್ತದೆ. ಎಳೆತದ ಮೊದಲ ಹಂತದಲ್ಲೇ ಹೆಚ್ಚು ಶಕ್ತಿ ತುಂಬಿ, ಕೊನೆಯ ಹಂತದಲ್ಲಿ ಕೈಗೆ ಹಠಾತ್ತನೆ ಭಾರ ಬೀಳದಂತೆ ನೋಡಿಕೊಳ್ಳುವುದು ಈ ಆಕಾರದ ಜಾಣ್ಮೆ. ಕೊಂಬು, ಮರ, ಪ್ರಾಣಿಯ ನರಗಳನ್ನು ಅಂಟಿಸಿ ಬಿಲ್ಲು ಮಾಡುತ್ತಿದ್ದ ಏಷ್ಯಾದ ಕುದುರೆ ಸವಾರರಿಗೆ ಇದು ಸಾವಿರಾರು ವರ್ಷಗಳ ಹಿಂದೆಯೇ ಗೊತ್ತಿತ್ತು. ಇಂದು ಅದೇ ಕೆಲಸವನ್ನು ಕಾರ್ಬನ್ ನಾರು, ಗಾಜಿನ ನಾರು, ಒಳಗೆ ಮರ ಅಥವಾ ಫೋಮ್ ಮಾಡುತ್ತವೆ.

ರೈಸರ್ ಸಾಮಾನ್ಯವಾಗಿ 25 ಇಂಚು. ಅದಕ್ಕೆ ಗಿಡ್ಡ, ಮಧ್ಯಮ, ಉದ್ದ ಲಿಂಬ್ ಹಾಕಿದರೆ ಬಿಲ್ಲು ಕ್ರಮವಾಗಿ 66, 68, 70 ಇಂಚಿನದಾಗುತ್ತದೆ. ಯಾರ ಎಳೆತ ಎಷ್ಟು ಉದ್ದವೋ ಅದರ ಮೇಲೆ ಬಿಲ್ಲಿನ ಉದ್ದ ನಿರ್ಧಾರವಾಗುತ್ತದೆ. ಲಿಂಬ್‌ನ ಮೇಲೆ ಅಚ್ಚಾಗಿರುವ ಪೌಂಡ್ ಲೆಕ್ಕ 28 ಇಂಚು ಎಳೆದಾಗಿನದು. ಒಂದೊಂದು ಇಂಚಿಗೆ ಸುಮಾರು 2 ಪೌಂಡ್ ಏರುಪೇರಾಗುವುದರಿಂದ, 26 ಇಂಚು ಮಾತ್ರ ಎಳೆಯುವ ಹುಡುಗಿಗೆ 36 ಪೌಂಡ್‌ನ ಲಿಂಬ್ ಕೈಯಲ್ಲಿ 32 ಪೌಂಡ್‌ನದಾಗುತ್ತದೆ.

ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಹೆಚ್ಚು ಪೌಂಡ್ ಇದ್ದರೆ ಬಾಣ ಹೆಚ್ಚು ನೇರ ಹೋಗುತ್ತದೆಂದು ನಂಬಿ ತಮ್ಮ ಶಕ್ತಿಗೆ ಮೀರಿದ ಲಿಂಬ್ ಕೊಳ್ಳುತ್ತಾರೆ. ಅರ್ಹತಾ ಸುತ್ತಿನಲ್ಲಿ ಬಿಡಬೇಕಾದ ಬಾಣಗಳು 72. ಬಿಲ್ಲು 40 ಪೌಂಡ್‌ನದಾದರೆ ಪ್ರತಿ ಸಲ 18 ಕಿಲೋಗ್ರಾಂ, ಸುತ್ತು ಮುಗಿಯುವಾಗ ಒಟ್ಟು 1,300 ಕಿಲೋಗ್ರಾಂ ಎಳೆದಂತಾಯಿತು. ಐವತ್ತನೇ ಬಾಣಕ್ಕೆ ಭುಜ ನಡುಗತೊಡಗಿದರೆ ಮುಂದಿನ ಯಾವ ಹೊಂದಾಣಿಕೆಗೂ ಅರ್ಥವಿಲ್ಲ. 20 ಪೌಂಡ್‌ನ ಆಸುಪಾಸಿನಲ್ಲಿ ಕಲಿಯಲು ಆರಂಭಿಸಿ, ಮೈ ಒಗ್ಗಿದ ಹಾಗೆ ಎರಡೆರಡು ಪೌಂಡ್ ಏರಿಸುತ್ತ ಹೋಗುವುದೇ ಕ್ಷೇಮ.

ಜೋಡಣೆ

ಮೊದಲ ಕೆಲಸ ಲಿಂಬ್‌ಗಳನ್ನು ಒಂದೇ ನೇರಕ್ಕೆ ತರುವುದು. ಹೆದೆ ಏರಿಸಿದ ಬಿಲ್ಲನ್ನು ಅಡ್ಡಲಾಗಿ ಎರಡು ಕುರ್ಚಿಗಳ ಮೇಲಿಟ್ಟು ಹಿಂದಿನಿಂದ ನೋಡಬೇಕು. ಹೆದೆಯ ಗೆರೆ ಎರಡೂ ಲಿಂಬ್‌ಗಳ ನಡುವೆ, ಕೈಹಿಡಿಯ ನಡುವೆ, ಮುಂದೆ ಚಾಚಿದ ಸ್ಟೆಬಿಲೈಸರ್ ಕೋಲಿನ ನಡುವೆ ಒಂದೇ ಸಮ ಹಾದುಹೋಗಬೇಕು. ನೋಟಕ್ಕೆ ನೆರವಾಗಲು ಲಿಂಬ್‌ಗೆ ಸಿಕ್ಕಿಸುವ ಗೆರೆ ಹಾಕಿದ ಪ್ಲಾಸ್ಟಿಕ್ ಪಟ್ಟಿಗಳು ಸಿಗುತ್ತವೆ. ಹೆದೆ ಒಂದು ಬದಿಗೆ ವಾಲಿದ್ದರೆ ಲಿಂಬ್ ಕೂರುವ ಜಾಗದ ತಿರುಪನ್ನೋ ತೆಳು ವಾಷರನ್ನೋ ಬದಲಿಸಿ ಸರಿಪಡಿಸುತ್ತಾರೆ. ಈ ಹಂತ ಹಾರಿಸಿ ಮುಂದೆ ಹೋದರೆ ಬಾಣ ಬಿಟ್ಟಾಗಲೆಲ್ಲ ಬಿಲ್ಲು ಕೈಯಲ್ಲೇ ತಿರುಚಿಕೊಳ್ಳುತ್ತದೆ. ಅದನ್ನು ಬೇರೆ ಯಾವ ತಿರುಪೂ ಮುಚ್ಚಲಾರದು.

ಎರಡನೆಯದು ಬ್ರೇಸ್ ಹೈಟ್. ಕೈಹಿಡಿಯ ಅತಿ ಒಳಗಿನ ಬಿಂದುವಿನಿಂದ ಹೆದೆಗೆ ಇರುವ ದೂರವಿದು. 68 ಇಂಚಿನ ಬಿಲ್ಲಿನಲ್ಲಿ ಸಾಮಾನ್ಯವಾಗಿ ಎಂಟೂವರೆಯಿಂದ ಒಂಬತ್ತು ಇಂಚು. ಹೆದೆಗೆ ಸುತ್ತು ಹಾಕುತ್ತ ಹೋದರೆ ಅದು ಗಿಡ್ಡವಾಗಿ ದೂರ ಹೆಚ್ಚುತ್ತದೆ, ಸುತ್ತು ಬಿಚ್ಚಿದರೆ ತಗ್ಗುತ್ತದೆ. ದೂರ ಕಡಿಮೆಯಾದಷ್ಟೂ ಹೆದೆ ಬಾಣವನ್ನು ತಳ್ಳುವ ಹಾದಿ ಉದ್ದವಾಗಿ ವೇಗ ತುಸು ಹೆಚ್ಚುತ್ತದೆ. ಆದರೆ ಬಾಣ ಹೆದೆಯ ಮೇಲೆ ಇನ್ನಷ್ಟು ಹೊತ್ತು ಇರುವುದರಿಂದ ಬೆರಳಿನ, ಮುಂಗೈಯ ತಪ್ಪುಗಳೂ ಅದಕ್ಕೆ ಅಂಟಿಕೊಳ್ಳುತ್ತವೆ. ಎಲ್ಲಿ ನಿಲ್ಲಿಸಬೇಕೆಂದು ಹೇಳುವುದು ಕಿವಿ. ಎರಡೆರಡು ಸುತ್ತು ಹಾಕುತ್ತ ಬಾಣ ಬಿಟ್ಟು ನೋಡಿದರೆ ಯಾವುದೋ ಒಂದು ಅಳತೆಯಲ್ಲಿ ಬಿಲ್ಲಿನ ಸದ್ದು, ನಡುಕ ಎರಡೂ ಕನಿಷ್ಠವಾಗುತ್ತವೆ. ಬಿಲ್ಲಿನಲ್ಲಿದ್ದ ಶಕ್ತಿಯ ಹೆಚ್ಚು ಪಾಲು ಬಾಣಕ್ಕೆ ಹೋಗಿದೆ, ಬಿಲ್ಲಿನಲ್ಲಿ ಉಳಿದದ್ದು ಕಡಿಮೆ ಎಂಬುದರ ಸೂಚನೆಯದು. ಹಿಂದೆ ಹೆದೆಗೆ ಬಳಸುತ್ತಿದ್ದ ಡೇಕ್ರಾನ್ ದಾರ ಹಿಗ್ಗುತ್ತಿತ್ತು. ಈಗಿನ ಪಾಲಿಎಥಿಲೀನ್ ನಾರು ಅಷ್ಟು ಹಿಗ್ಗುವುದಿಲ್ಲ. ಆದರೂ ಹೊಸ ಹೆದೆ ಮೊದಲ ಕೆಲವು ದಿನ ಸಡಿಲಗೊಳ್ಳುವುದರಿಂದ ಪ್ರತಿ ಅಭ್ಯಾಸಕ್ಕೂ ಮುನ್ನ ಈ ಅಳತೆಯನ್ನು ನೋಡಿಕೊಳ್ಳುವುದು ಒಳ್ಳೆಯ ರೂಢಿ.

ಮೂರನೆಯದು ಟಿಲ್ಲರ್. ಮೇಲಿನ ಲಿಂಬ್‌ನ ಬುಡದಿಂದ ಹೆದೆಗೆ ಎಷ್ಟು ದೂರ, ಕೆಳಗಿನದರ ಬುಡದಿಂದ ಎಷ್ಟು ಎಂದು ಅಳೆದು ಕಳೆದಾಗ ಬರುವ ವ್ಯತ್ಯಾಸವಿದು. ಬಾಣ ಕೂರುವುದು ಬಿಲ್ಲಿನ ನಟ್ಟನಡುವಿಗಿಂತ ತುಸು ಮೇಲೆ. ಅದರ ಮೇಲೆ ಒಂದು ಬೆರಳು, ಕೆಳಗೆ ಎರಡು. ಹೀಗಾಗಿ ಎರಡು ಲಿಂಬ್‌ಗಳ ಮೇಲೆ ಬೀಳುವ ಹೊರೆ ಸಮನಾಗಿರುವುದಿಲ್ಲ. ಅದನ್ನು ಸರಿದೂಗಿಸಲು ಕೆಳಲಿಂಬನ್ನು ಚೂರು ಬಿಗಿಯಾಗಿಟ್ಟು, ಮೇಲಿನ ಅಳತೆ 0ಯಿಂದ 6 ಮಿಲಿಮೀಟರ್‌ವರೆಗೆ ಹೆಚ್ಚಿರುವಂತೆ ಲಿಂಬ್‌ನ ತಿರುಪುಗಳನ್ನು ಹೊಂದಿಸುತ್ತಾರೆ. ಎಳೆಯುವಾಗ ಗುರಿ ಹಿಡಿಯುವ ಸೈಟ್‌ನ ಚುಕ್ಕೆ ತಾನಾಗಿ ಮೇಲಕ್ಕೋ ಕೆಳಕ್ಕೋ ಜಾರದೆ ನಿಂತರೆ ಟಿಲ್ಲರ್ ಸರಿಯಿದೆ.

ನಾಲ್ಕನೆಯದು ನಾಕಿಂಗ್ ಪಾಯಿಂಟ್. ಬಾಣದ ಬಾಲ ಹೆದೆಗೆ ಸಿಕ್ಕಿಕೊಳ್ಳುವ ಈ ಜಾಗವನ್ನು ದಾರ ಸುತ್ತಿ ಗುರುತು ಮಾಡುತ್ತಾರೆ. ಬಾಣ ಒರಗುವ ರೆಸ್ಟ್‌ನಿಂದ ಹೆದೆಗೆ ಲಂಬಗೆರೆ ಎಳೆದು, ಅದಕ್ಕಿಂತ 6ರಿಂದ 12 ಮಿಲಿಮೀಟರ್ ಮೇಲೆ ಇದನ್ನು ಇಟ್ಟು ಆರಂಭಿಸುವುದು ವಾಡಿಕೆ. ಬಾಣ ಹೆದೆಯನ್ನು ಕಚ್ಚುವ ಬಿಗಿಯೂ ಮುಖ್ಯ. ಬಾಣವನ್ನು ಹೆದೆಗೆ ತಗುಲಿಸಿ ನೇತುಬಿಟ್ಟಾಗ ಬೀಳಬಾರದು. ಹೆದೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದಾಗ ಕಳಚಿ ಬೀಳಬೇಕು.

ಜೋಡಣೆ ಮುಗಿದ ಖುಷಿಯಲ್ಲಿ ಕೆಲವರು ಬಾಣವಿಲ್ಲದೆಯೇ ಹೆದೆ ಎಳೆದು ಬಿಟ್ಟು ನೋಡುತ್ತಾರೆ. ಇದನ್ನು ಎಂದೂ ಮಾಡಬಾರದು. ಬಿಲ್ಲಿನಲ್ಲಿ ಕೂಡಿದ ಶಕ್ತಿಯ ಬಹುಪಾಲು ಬಾಣದ ಜೊತೆ ಹೊರಗೆ ಹೋಗಬೇಕು. ಬಾಣವಿಲ್ಲದಿದ್ದರೆ ಅಷ್ಟೂ ಶಕ್ತಿ ಲಿಂಬ್ ಮತ್ತು ಹೆದೆಗೇ ಬಡಿಯುತ್ತದೆ. ಒಂದೇ ಹೊಡೆತಕ್ಕೆ ಲಿಂಬ್ ಸೀಳಿ, ಚೂರು ಮುಖಕ್ಕೆ ಸಿಡಿಯಬಹುದು.

ನೇರ ಕಡ್ಡಿಯ ಡೊಂಕು ನಡೆ

ಇಲ್ಲಿಂದ ಮುಂದಿನದು ಬಿಲ್ಲುಗಾರಿಕೆಯ ಅತಿ ಸ್ವಾರಸ್ಯಕರ ಭೌತವಿಜ್ಞಾನ. ಬಲಗೈಯವರು ಹೆದೆಯನ್ನು ಮೂರು ಬೆರಳುಗಳ ಕೊಕ್ಕೆಯಲ್ಲಿ ಹಿಡಿದಿರುತ್ತಾರೆ. ಬೆರಳು ಸಡಿಲಿಸಿದಾಗ ಹೆದೆ ನೇರ ಮುಂದಕ್ಕೆ ನುಗ್ಗುವುದಿಲ್ಲ. ಬೆರಳತುದಿಯನ್ನು ಸುತ್ತಿಕೊಂಡು ಎಡಕ್ಕೆ ಜಾರಿ ಆಮೇಲೆ ಮುಂದೆ ಹೋಗುತ್ತದೆ. ಬಾಣದ ಬಾಲ ಅದರೊಡನೆ ಎಡಕ್ಕೆ ಸರಿಯುತ್ತದೆ. ಭಾರವಾದ ಮೊನೆ ಅಷ್ಟು ಬೇಗ ಕದಲುವುದಿಲ್ಲ. ಹಿಂದಿನಿಂದ ಹತ್ತಾರು ಕಿಲೋಗ್ರಾಂ ಬಲ ತಳ್ಳುತ್ತಿರುವಾಗ ಈ ಓರೆ ಸೇರಿದರೆ ತೆಳು ಕಡ್ಡಿ ಬಾಗಲೇಬೇಕು. ಮೊದಲು ಅದರ ನಡುಭಾಗ ಬಿಲ್ಲಿನ ಕಡೆಗೆ ಉಬ್ಬುತ್ತದೆ, ಬಳಿಕ ಹೊರಗೆ, ಮತ್ತೆ ಒಳಗೆ. ಹೆದೆ ಬಾಣವನ್ನು ತಳ್ಳುವುದು ಸುಮಾರು 15 ಮಿಲಿಸೆಕೆಂಡ್ ಮಾತ್ರ. ರೆಪ್ಪೆ ಬಡಿಯುವ ಹೊತ್ತಿನ ಹತ್ತರಲ್ಲಿ ಒಂದು ಪಾಲು. ಅಷ್ಟರಲ್ಲೇ ಈ ಬಳುಕಾಟ ಶುರುವಾಗಿ, ಹೆದೆ ಬಿಟ್ಟ ಮೇಲೂ ಗಾಳಿಯಲ್ಲಿ ಒಂದಷ್ಟು ದೂರ ಮುಂದುವರಿಯುತ್ತದೆ.

ಬಾಣ ಬಿಲ್ಲಿನ ಪಕ್ಕದಲ್ಲಿ ಕೂತಿದ್ದರೂ, ಬಿಲ್ಲನ್ನು ಬಳಸಿಕೊಂಡು ಹೋಗಬೇಕಿದ್ದರೂ, ಗುರಿಗೇ ಹೋಗುವುದು ಹೇಗೆ ಎಂಬ ಪ್ರಶ್ನೆ ಹಳೆಯದು. ಅಮೆರಿಕದ ರಾಬರ್ಟ್ ಎಲ್ಮರ್ ಇದನ್ನು ‘ಆರ್ಚರ್ಸ್ ಪ್ಯಾರಡಾಕ್ಸ್’, ಬಿಲ್ಲುಗಾರನ ವಿರೋಧಾಭಾಸ ಎಂದು ಕರೆದರು. 1930ರ ದಶಕದಲ್ಲಿ ಭೌತವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ ಅತಿವೇಗದ ಕ್ಯಾಮೆರಾದಲ್ಲಿ ಬಾಣವನ್ನು ಸೆರೆಹಿಡಿದಾಗ ಉತ್ತರ ಕಣ್ಣಿಗೇ ಕಂಡಿತು. ಬಾಣ ಬಿಲ್ಲಿಗೆ ಉಜ್ಜಿಕೊಂಡು ಹೋಗುತ್ತಿರಲಿಲ್ಲ. ಅದನ್ನು ಬಳಸಿ, ಬಳುಕುತ್ತ ದಾಟುತ್ತಿತ್ತು. ಸರಿಯಾದ ಲಯದಲ್ಲಿ ಬಳುಕುವ ಬಾಣದ ಗರಿಯ ಭಾಗ ಬಿಲ್ಲಿನ ಪಕ್ಕ ಬರುವಷ್ಟರಲ್ಲಿ ಕಡ್ಡಿ ಹೊರಕ್ಕೆ ಬಾಗಿ ದಾರಿ ಬಿಟ್ಟಿರುತ್ತದೆ. ಲಯ ತಪ್ಪಿದರೆ ಬಾಲ ಬಿಲ್ಲಿಗೆ ತಾಗಿ ಬಾಣ ಓಲಾಡುತ್ತದೆ. ನಮ್ಮ ದೇಶದಲ್ಲಿ ‘ಇಂಡಿಯನ್ ರೌಂಡ್’ ಹೆಸರಿನಲ್ಲಿ ಇಂದಿಗೂ ಸ್ಪರ್ಧೆ ನಡೆಯುವ ಬಿದಿರಿನ ಬಿಲ್ಲಿನಲ್ಲಿ ಬಾಣ ಬಿಲ್ಲಿನ ಪೂರ್ತಿ ಅಗಲವನ್ನೇ ಬಳಸಿ ಸಾಗಬೇಕು. ಆಧುನಿಕ ರೈಸರ್‌ನಲ್ಲಿ ನಡುವಿಗಿಂತ ಒಳಕ್ಕೆ ಕೊರೆದ ಕಿಟಕಿ ಇರುವುದರಿಂದ ಬಳಸುವ ದಾರಿ ಕಿರಿದಾಗಿದೆ. ಬೆರಳಿನಿಂದ ಬಿಡುವವರೆಗೆ ಬಳುಕಾಟವಂತೂ ತಪ್ಪಿದ್ದಲ್ಲ.

ಹಾಗಾದರೆ ಬಾಣ ಎಷ್ಟು ಬಾಗಬೇಕು? ಅದಕ್ಕೊಂದು ಅಳತೆಯಿದೆ: ಸ್ಪೈನ್. ಕಡ್ಡಿಯನ್ನು 28 ಇಂಚು ಅಂತರದ ಎರಡು ಆಧಾರಗಳ ಮೇಲಿಟ್ಟು ನಡುವೆ 880 ಗ್ರಾಂ ತೂಗುಬಿಟ್ಟಾಗ ಅದು ಎಷ್ಟು ಇಂಚು ಜಗ್ಗುತ್ತದೋ ಅದರ ಸಾವಿರ ಪಟ್ಟು. ಅರ್ಧ ಇಂಚು ಜಗ್ಗಿದರೆ 500. ಅಂಕಿ ದೊಡ್ಡದಾದಷ್ಟೂ ಕಡ್ಡಿ ಮೆದು. ಬಿಲ್ಲಿನ ಬಲ ಹೆಚ್ಚಿದಂತೆ ಗಡುಸು ಕಡ್ಡಿ, ಅಂದರೆ ಚಿಕ್ಕ ಅಂಕಿ ಬೇಕು. ಬಾಣದ ಉದ್ದ, ಮೊನೆಯ ತೂಕ ಕೂಡ ಲೆಕ್ಕಕ್ಕೆ ಬರುತ್ತವೆ. ಕಡ್ಡಿಯ ಬಾಗುವಿಕೆ ಉದ್ದದ ಘನವನ್ನು ಅನುಸರಿಸುವುದರಿಂದ 28 ಇಂಚಿನ ಕಡ್ಡಿಯಲ್ಲಿ ಅರ್ಧ ಇಂಚು ಕತ್ತರಿಸಿದರೆ, ಉದ್ದ ಶೇಕಡಾ 2ರಷ್ಟೂ ತಗ್ಗದಿದ್ದರೂ ಬಾಗುವಿಕೆ ಶೇಕಡಾ 5ರಷ್ಟು ತಗ್ಗುತ್ತದೆ. ಕತ್ತರಿಸಿದ ಕಡ್ಡಿ ಮತ್ತೆ ಬೆಳೆಯುವುದಿಲ್ಲ. ಆದ್ದರಿಂದ ತಿಳಿದವರು ಬಾಣವನ್ನು ಬೇಕಾದ್ದಕ್ಕಿಂತ ತುಸು ಉದ್ದವಾಗಿಯೇ ಇಟ್ಟುಕೊಂಡು ಪ್ರಯೋಗ ಶುರುಮಾಡುತ್ತಾರೆ.

ಬಾಣ ಒಳಕ್ಕೆ ಉಬ್ಬಿ ಒತ್ತುವ ಜಾಗದಲ್ಲಿ ರೈಸರ್ ಒಳಗಿಂದ ಒಂದು ಪುಟ್ಟ ಸ್ಪ್ರಿಂಗ್ ಗುಂಡಿ ಇಣುಕುತ್ತದೆ. ಅದೇ ಬಟನ್ ಅಥವಾ ಪ್ಲಂಜರ್. ಇದಕ್ಕೆ ಎರಡು ಕೆಲಸ. ಎಷ್ಟು ಹೊರಗೆ ಚಾಚಿರಬೇಕೆಂದು ತಿರುಗಿಸಿ, ಬಾಣದ ಮೊನೆ ಹೆದೆಯ ಗೆರೆಗಿಂತ ಚೂರೇ ಎಡಕ್ಕೆ ಕಾಣುವಂತೆ ನಿಲ್ಲಿಸುವುದು ಒಂದು. ಸ್ಪ್ರಿಂಗ್ ಎಷ್ಟು ಬಿಗಿ ಇರಬೇಕೆಂದು ಹೊಂದಿಸಿ, ಬಾಣದ ಮೊದಲ ಒತ್ತನ್ನು ಹೀರಿ ಹಿಂತಿರುಗಿಸುವುದು ಇನ್ನೊಂದು. ಬಾಣವನ್ನು ಕತ್ತರಿಸದೆ ಅದರ ಬಳುಕಾಟವನ್ನು ತಿದ್ದಲು ಬಿಲ್ಲುಗಾರನಿಗಿರುವ ಅತಿ ಸೂಕ್ಷ್ಮ ಸಾಧನ ಇದು.

ಗರಿಯಿಲ್ಲದ ಬಾಣದ ಸಾಕ್ಷ್ಯ

ಬಾಣ ಸರಿಯಾಗಿ ಹೊರಟಿತೇ ಎಂದು ಬರಿಗಣ್ಣಿಗೆ ತಿಳಿಯದು. ಗರಿಗಳು ಗಾಳಿಯನ್ನು ಹಿಡಿದು ಬಾಲವನ್ನು ನೇರಕ್ಕೆ ತಂದು, ಹೊರಡುವಾಗಿನ ದೋಷವನ್ನು ಮರೆಮಾಚಿಬಿಡುತ್ತವೆ. ದೋಷ ಕಾಣಬೇಕೆಂದರೆ ಗರಿ ತೆಗೆಯಬೇಕು. ಬಿಲ್ಲುಗಾರರ ‘ಬೇರ್ ಶಾಫ್ಟ್’ ಪರೀಕ್ಷೆ ಇಷ್ಟೇ: 18 ಅಥವಾ 20 ಮೀಟರ್ ದೂರದಿಂದ ಗರಿಯುಳ್ಳ ಮೂರ್ನಾಲ್ಕು ಬಾಣ, ಗರಿಯಿಲ್ಲದ ಒಂದೆರಡು ಬಾಣವನ್ನು ಒಂದೇ ಜಾಗಕ್ಕೆ ಗುರಿಯಿಟ್ಟು ಬಿಡುವುದು. ಎರಡೂ ಬಗೆಯವು ಒಂದೇ ಕಡೆ ನಾಟಿದರೆ ಬಾಣ ಗರಿಯ ನೆರವಿಲ್ಲದೆಯೂ ನೇರ ಹೊರಡುತ್ತಿದೆ ಎಂದರ್ಥ.

ಬೇರೆ ಬೇರೆ ಕಡೆ ನಾಟಿದರೆ ಮೊದಲು ನೋಡಬೇಕಾದ್ದು ಮೇಲೆ-ಕೆಳಗೆ. ಗರಿಯಿಲ್ಲದ ಬಾಣ ಗುಂಪಿಗಿಂತ ಕೆಳಗೆ ನಾಟಿದರೆ ನಾಕಿಂಗ್ ಪಾಯಿಂಟ್ ಎತ್ತರವಾಯಿತು, ಇಳಿಸಬೇಕು. ಮೇಲೆ ನಾಟಿದರೆ ಏರಿಸಬೇಕು. ಇದು ಸರಿಹೋದ ಬಳಿಕವೇ ಎಡ-ಬಲದ ವಿಚಾರಣೆ. ಬಲಗೈಯವರ ಗರಿಯಿಲ್ಲದ ಬಾಣ ಗುಂಪಿನ ಎಡಕ್ಕೆ ಹೋದರೆ ಕಡ್ಡಿ ಆ ಬಿಲ್ಲಿಗೆ ಗಡುಸಾಯಿತು. ಬಟನ್‌ನ ಸ್ಪ್ರಿಂಗ್ ಸಡಿಲಿಸಬಹುದು, ಲಿಂಬ್‌ನ ತಿರುಪು ಬಿಗಿಮಾಡಿ ಬಿಲ್ಲಿನ ಬಲ ಒಂದೆರಡು ಪೌಂಡ್ ಏರಿಸಬಹುದು, ಇಲ್ಲವೇ ಹೆಚ್ಚು ತೂಕದ ಮೊನೆ ಹಾಕಬಹುದು. ಬಲಕ್ಕೆ ಹೋದರೆ ಕಡ್ಡಿ ಮೆದು. ಮಾಡಬೇಕಾದ್ದೆಲ್ಲ ಇದರ ಉಲ್ಟಾ. ಎಡಗೈಯವರಿಗೆ ಎಡ-ಬಲ ಅದಲುಬದಲು. ಗರಿಯಿಲ್ಲದ ಬಾಣ ತೀರಾ ದೂರ ಬೀಳುತ್ತಿದ್ದರೆ ಬಟನ್ ತಿರುಗಿಸಿ ಫಲವಿಲ್ಲ. ಸ್ಪೈನ್ ಆಯ್ಕೆಯೇ ತಪ್ಪಿದೆ, ಬೇರೆ ಕಡ್ಡಿ ಬೇಕು.

ಮುಂದಿನದು ‘ವಾಕ್ ಬ್ಯಾಕ್’. ಹಲಗೆಯ ಮೇಲೆ ಒಂದು ನಿಟ್ಟಗೆರೆ ಹಾಕಿ, ಸೈಟನ್ನು ಹತ್ತಿರದ ದೂರಕ್ಕೆ ಹೊಂದಿಸಿ ಅಲ್ಲಾಡಿಸದೆ ಬಿಟ್ಟು, ಐದೈದು ಮೀಟರ್ ಹಿಂದೆ ಸರಿಯುತ್ತ ಗೆರೆಯ ತಲೆಗೇ ಗುರಿಯಿಟ್ಟು ಬಾಣ ಬಿಡುತ್ತಾರೆ. ದೂರ ಹೆಚ್ಚಿದಂತೆ ಬಾಣಗಳು ಕೆಳಕೆಳಗೆ ನಾಟುತ್ತವೆ. ಅವು ನೆಟ್ಟಗೆ ಒಂದರ ಕೆಳಗೊಂದು ಬಂದರೆ ಸರಿ. ಓರೆಯಾಗಿ ಒಂದೇ ಕಡೆಗೆ ಸರಿಯುತ್ತ ಹೋದರೆ ಬಟನ್ ಚಾಚಿರುವ ಅಳತೆ ತಪ್ಪಿದೆ. ಬಿಲ್ಲಿನಂತೆ ಬಾಗಿದ ಸಾಲು ಮೂಡಿದರೆ ಸ್ಪ್ರಿಂಗ್‌ನ ಬಿಗಿ ತಪ್ಪಿದೆ. ಹೀಗೆ ಎರಡು ಬೇರೆ ದೋಷಗಳಿಗೆ ಎರಡು ಬೇರೆ ಆಕಾರಗಳು ಸಿಗುವುದು ಈ ಪರೀಕ್ಷೆಯ ಹೆಚ್ಚುಗಾರಿಕೆ.

ಕೊನೆಯ ಪರೀಕ್ಷೆ ಸ್ಪರ್ಧೆಯ ದೂರದಲ್ಲಿ, ಗರಿಯುಳ್ಳ ಬಾಣಗಳಿಂದಲೇ. ಬಟನ್‌ನ ಸ್ಪ್ರಿಂಗನ್ನು ಎಂಟನೇ ಒಂದು ಸುತ್ತಿನಷ್ಟು ತಿರುಗಿಸಿ ಒಂದಷ್ಟು ಬಾಣ ಬಿಟ್ಟು ಗುಂಪಿನ ಅಗಲ ಬರೆದುಕೊಳ್ಳುವುದು, ಮತ್ತೆ ತಿರುಗಿಸುವುದು. ಬಾಣಗಳು ಅತಿ ಒತ್ತಾಗಿ ನಾಟುವ ಹೊಂದಾಣಿಕೆ ಬೇರ್ ಶಾಫ್ಟ್ ಹೇಳಿದ್ದಕ್ಕಿಂತ ತುಸು ಬೇರೆಯಾಗಿದ್ದರೂ ಚಿಂತೆಯಿಲ್ಲ. ಅಂಕ ಸಿಗುವುದು ಗರಿಯುಳ್ಳ ಬಾಣಕ್ಕೆ.

ಕೋಲು ಮತ್ತು ಚುಕ್ಕೆ

ಬಿಲ್ಲಿನಿಂದ ಮುಂದಕ್ಕೆ, ಪಕ್ಕಕ್ಕೆ ಚಾಚಿರುವ ಸ್ಟೆಬಿಲೈಸರ್ ಕೋಲುಗಳನ್ನು ಟಿ.ವಿ.ಯಲ್ಲಿ ನೋಡಿದವರು ಅವು ಏಕೆಂದು ಕೇಳುವುದುಂಟು. ಹಗ್ಗದ ಮೇಲೆ ನಡೆಯುವ ದೊಂಬರ ಹುಡುಗಿ ಉದ್ದನೆಯ ಗಳು ಹಿಡಿದಿರುತ್ತಾಳಲ್ಲ, ಇಲ್ಲಿಯೂ ಅದೇ ತತ್ವ. ಒಂದು ವಸ್ತು ತಿರುಗದಂತೆ ತಡೆಯುವ ಜಡತ್ವ, ತೂಕ ನಡುವಿನಿಂದ ಎಷ್ಟು ದೂರವಿದೆಯೋ ಅದರ ವರ್ಗದಷ್ಟು ಹೆಚ್ಚುತ್ತದೆ. 100 ಗ್ರಾಂ ತೂಕವನ್ನು 15 ಸೆಂಟಿಮೀಟರ್ ಆಚೆ ಇಡುವ ಬದಲು 75 ಸೆಂಟಿಮೀಟರ್ ಆಚೆ ಇಟ್ಟರೆ ದೂರ ಐದು ಪಟ್ಟು, ಜಡತ್ವ 25 ಪಟ್ಟು. ಬೆರಳು ಬಿಟ್ಟ ಕ್ಷಣದಿಂದ ಬಾಣ ಹೆದೆಯನ್ನು ಬಿಡುವವರೆಗಿನ ಆ 15 ಮಿಲಿಸೆಕೆಂಡ್‌ನಲ್ಲಿ ಬಿಲ್ಲು ಕೈಯಲ್ಲಿ ತಿರುಚದೆ ನಿಂತರೆ ಸಾಕು. ಆದರೆ ತೂಕ ಹೇರುತ್ತ ಹೋದರೆ ಎಡಭುಜ ಸೋಲುತ್ತದೆ. ಕೊನೆಯ ಬಾಣದವರೆಗೆ ಹೊರಲಾಗುವಷ್ಟೇ ತೂಕ ಇರಬೇಕು.

ಸೈಟ್ ಎಂದರೆ ಮುಂದೆ ಚಾಚಿದ ಒಂದು ಸಣ್ಣ ಬಳೆ, ಅದರೊಳಗೆ ಚುಕ್ಕೆ. ಒಲಿಂಪಿಕ್ಸ್‌ನ ರಿಕರ್ವ್ ವಿಭಾಗದಲ್ಲಿ ಭೂತಗನ್ನಡಿಯಾಗಲೀ ಹೆದೆಗೆ ಕಟ್ಟಿದ ಇಣುಕುಕಿಂಡಿಯಾಗಲೀ ನಿಷಿದ್ಧ. ಹಿಂಬದಿಯ ಗುರುತಾಗಿ ಕಣ್ಣೆದುರು ಮಸುಕಾಗಿ ಕಾಣುವ ಹೆದೆಯನ್ನೇ ಬಳಸಿಕೊಳ್ಳಬೇಕು. ಕಣ್ಣಿನಿಂದ ಸೈಟ್‌ಗೆ ಸುಮಾರು 90 ಸೆಂಟಿಮೀಟರ್ ದೂರ ಎಂದಿಟ್ಟುಕೊಂಡರೆ, ಸೈಟ್ 1 ಮಿಲಿಮೀಟರ್ ಕದಲಿದಾಗ 70 ಮೀಟರ್ ಆಚೆ ಬಾಣ 7ರಿಂದ 8 ಸೆಂಟಿಮೀಟರ್ ಕದಲುತ್ತದೆ. ಹೊಂದಿಸುವ ಸೂತ್ರ ಸರಳ: ಬಾಣಗಳು ಎತ್ತ ಬೀಳುತ್ತಿವೆಯೋ ಸೈಟನ್ನೂ ಅತ್ತಲೇ ಸರಿಸಬೇಕು. ಆದರೆ ಸೈಟ್ ಮುಟ್ಟುವುದು ಎಲ್ಲಕ್ಕಿಂತ ಕೊನೆಗೆ. ಬಿಲ್ಲಿನ ದೋಷವನ್ನು ಸೈಟ್ ಸರಿಸಿ ಮುಚ್ಚಿದರೆ ದೂರ ಬದಲಾದಾಗ, ಗಾಳಿ ಬೀಸಿದಾಗ ಅದು ಮತ್ತೆ ತಲೆಯೆತ್ತುತ್ತದೆ.

ಯಾರಿಗೆ, ಯಾವಾಗ?

ಇಷ್ಟೆಲ್ಲ ಹೊಂದಾಣಿಕೆಗಳು ಒಂದಕ್ಕೊಂದು ತಳಕು ಹಾಕಿಕೊಂಡಿವೆ. ಬ್ರೇಸ್ ಹೈಟ್ ಬದಲಿಸಿದರೆ ಬಾಣದ ಲಯ ಬದಲಾಗುತ್ತದೆ. ಲಿಂಬ್‌ನ ತಿರುಪು ಬಿಗಿಮಾಡಿದರೆ ಪೌಂಡ್, ಟಿಲ್ಲರ್, ಬ್ರೇಸ್ ಹೈಟ್ ಮೂರೂ ಕದಲುತ್ತವೆ. ಆದ್ದರಿಂದ ಒಂದು ಸಲಕ್ಕೆ ಒಂದನ್ನೇ ಮುಟ್ಟಬೇಕು, ಮುಟ್ಟುವ ಮೊದಲು ಹಳೆಯ ಅಳತೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಒಂದೇ ಬಾಣದ ಮಾತು ನಂಬಿ ತಿರುಪು ಹಿಡಿಯಬಾರದು. ಹತ್ತಾರು ಬಾಣಗಳು ಒಂದೇ ಕಥೆ ಹೇಳಿದಾಗ ಮಾತ್ರ ಅದು ಬಿಲ್ಲಿನ ದೋಷ, ಇಲ್ಲದಿದ್ದರೆ ಕೈಯದು. ಪ್ರಯೋಗಾಲಯದ ಮೊದಲ ಪಾಠವೂ ಇದೇ.

ಆದ್ದರಿಂದಲೇ ಕಲಿಕೆಯ ಮೊದಲ ತಿಂಗಳುಗಳಲ್ಲಿ ಸೂಕ್ಷ್ಮ ಟ್ಯೂನಿಂಗ್‌ಗೆ ಕೈಹಾಕುವುದು ವ್ಯರ್ಥ. ಬಾಣಗಳು ಹಲಗೆಯ ತುಂಬ ಚದುರಿ ಬೀಳುತ್ತಿರುವಾಗ ಗರಿಯಿಲ್ಲದ ಬಾಣ ಎಡಕ್ಕೆ ಹೋಯಿತೋ ಬಲಕ್ಕೆ ಹೋಯಿತೋ ಎಂಬ ಪ್ರಶ್ನೆಗೆ ಅರ್ಥವೇ ಇರುವುದಿಲ್ಲ. ಲಿಂಬ್‌ಗಳ ನೇರ, ಬ್ರೇಸ್ ಹೈಟ್, ನಾಕಿಂಗ್ ಪಾಯಿಂಟ್ ಇಷ್ಟನ್ನು ತರಬೇತುದಾರರ ಕೈಯಲ್ಲಿ ಸರಿಮಾಡಿಸಿಕೊಂಡು ಹಗುರ ಬಿಲ್ಲಿನಲ್ಲಿ ಅಭ್ಯಾಸ ಮಾಡಿ. 20 ಮೀಟರಿನಲ್ಲಿ ನಿಮ್ಮ ಬಾಣಗಳು ಒಂದು ಗುಂಪಾಗಿ ನಾಟತೊಡಗಿದ ದಿನ ಬಟನ್ ತಿರುಗಿಸಲು ಕಲಿಯಿರಿ. ಒಳ್ಳೆಯ ಟ್ಯೂನಿಂಗ್ ಏಳು ಅಂಕದ ಬಿಲ್ಲುಗಾರನಿಂದ ಹತ್ತು ಹೊಡೆಸುವುದಿಲ್ಲ. ಹತ್ತು ಹೊಡೆಯಬಲ್ಲವನ ಬಾಣ ಬಿಲ್ಲಿನ ತಪ್ಪಿನಿಂದ ಒಂಬತ್ತಕ್ಕೆ ಜಾರದಂತೆ ಮಾತ್ರ ನೋಡಿಕೊಳ್ಳುತ್ತದೆ.